ಗ್ರಂಥಾಲಯದಲ್ಲಿ ಒಂದು ಗಂಟೆ

ವಿಶ್ವವಿದ್ಯಾಲಯಗಳ ಸೂಚನಾಫಲಕದಲ್ಲಿ ವರ್ಷಾರಂಭಕ್ಕೆ ಒಂದು ಚೀಟಿ ಕಾಣುತ್ತದೆ: ಹೊಸ ವಿದ್ಯಾರ್ಥಿಗಳಿಗೆ ಗ್ರಂಥಾಲಯ ಪರಿಚಯ, ಮಧ್ಯಾಹ್ನ ಮೂರಕ್ಕೆ. ಶುಲ್ಕ, ಹಾಸ್ಟೆಲುಗಳ ಗಡಿಬಿಡಿಯಲ್ಲಿ ಅದನ್ನು ಓದುವವರು ಕಡಿಮೆ, ಓದಿ ಹೋಗುವವರು ಇನ್ನೂ ಕಡಿಮೆ. ಪುಸ್ತಕ ತೆಗೆದುಕೊಳ್ಳುವುದಕ್ಕೂ ಪಾಠ ಬೇಕೆ ಎಂಬುದು ಮಕ್ಕಳ ಪ್ರಶ್ನೆ. ಅದರಿಂದ ಎಷ್ಟು ಅಂಕ ಬರುತ್ತದೆ ಎಂಬುದು ತಂದೆತಾಯಿಗಳ ಪ್ರಶ್ನೆ.

ಎಸ್. ಆರ್. ರಂಗನಾಥನ್ ಅವರ ಕತೆ ಇಲ್ಲಿ ಹೇಳಬೇಕು. ಮೊದಲು ಅವರೂ ಮೇಷ್ಟ್ರೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಸುತ್ತ ಪುಸ್ತಕ, ಮಾತಿಗೆ ಜನರಿಲ್ಲ. ಕೆಲವೇ ದಿನಗಳಲ್ಲಿ ಬೇಸತ್ತು, ಮತ್ತೆ ಕಾಲೇಜಿಗೇ ಕರೆದುಕೊಳ್ಳಿ ಎಂದು ಕೇಳಿಕೊಂಡರಂತೆ. ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂದು ಒಪ್ಪಂದವಾಯಿತು. ಹೋಗಿ ಬಂದವರು ಮುಂದೆ ಸುಮಾರು ಇಪ್ಪತ್ತು ವರ್ಷ ಆ ಗ್ರಂಥಾಲಯ ಬಿಡಲಿಲ್ಲ!

ಲಂಡನ್ನಿನ ಅಂಗಡಿಯೊಂದರಲ್ಲಿ ಅವರ ಕಣ್ಣಿಗೆ ಬಿದ್ದದ್ದು ಮೆಕ್ಯಾನೊ ಎಂಬ ಆಟಿಕೆ. ಅದೇ ಪಟ್ಟಿ, ಅದೇ ತಿರುಪು. ಜೋಡಿಸುವ ಬಗೆ ಬದಲಾದರೆ ಒಮ್ಮೆ ಸೇತುವೆ, ಒಮ್ಮೆ ಕ್ರೇನು. ವಿಷಯಗಳನ್ನೂ ಹೀಗೆ ಬಿಡಿಭಾಗಗಳಿಂದ ಕಟ್ಟಬಹುದಲ್ಲ! 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣದ ಬೀಜ ಇದು. ಭತ್ತ, ಅದರ ರೋಗ, ಚಿಕಿತ್ಸೆ, ಕರ್ನಾಟಕ, ಇಂಥ ವರ್ಷ ಎಂದು ಒಂದೊಂದು ಮುಖಕ್ಕೂ ಗುರುತು. ಎಲ್ಲ ಸೇರಿದರೆ ಪುಸ್ತಕದ ವಿಳಾಸ.

ನಮ್ಮ ಬಹಳಷ್ಟು ಗ್ರಂಥಾಲಯಗಳಲ್ಲಿರುವುದು ಡ್ಯೂಯಿ ಎಂಬ ಅಮೆರಿಕನ್ನನ ದಶಮಾಂಶ ಪದ್ಧತಿ. ಅದರಲ್ಲಿ 530 ಭೌತಶಾಸ್ತ್ರ, 540 ರಸಾಯನಶಾಸ್ತ್ರ, 894.814 ಕನ್ನಡ ಸಾಹಿತ್ಯ. ಇದು ತಿಳಿಯದವನಿಗೆ ಲಕ್ಷ ಪುಸ್ತಕಗಳ ಸಾಲು ಬರೀ ಗೋಡೆ. ಓದುಗನ ಸಮಯ ಉಳಿಸುವುದೂ ಗ್ರಂಥಾಲಯದ ಧರ್ಮವೆಂದು ರಂಗನಾಥನ್ 1931ರಷ್ಟು ಹಿಂದೆಯೇ ವಾದಿಸಿದ್ದರು. ಪರಿಚಯದ ಆ ಒಂದು ಗಂಟೆ ವಿದ್ಯಾರ್ಥಿಗೆ ಮಾಡುವ ಉಪಕಾರವಲ್ಲ, ಅವನಿಗೆ ಸಲ್ಲಬೇಕಾದದ್ದು.

ಹಳ್ಳಿಯ ಶಾಲೆಯಲ್ಲಿ ನನ್ನ ಬಳಿ ಓದಿದ ಹುಡುಗಿಯೊಬ್ಬಳು ಎಂ.ಎಸ್ಸಿ. ಸೇರಿದಳು. ಇಂಗ್ಲಿಷಿನಲ್ಲೇ ಕೇಳಬೇಕೇನೋ ಎಂದು ಹೆದರಿ, ಒಂದು ಇಡೀ ಸೆಮಿಸ್ಟರು ಗ್ರಂಥಾಲಯದ ಕೌಂಟರಿನಲ್ಲಿ ಬಾಯಿ ಬಿಡಲಿಲ್ಲ. ಗೆಳತಿಯರ ನೋಟ್ಸಿನ ಜೆರಾಕ್ಸೇ ಗತಿ. ಕೊನೆಗೊಂದು ಕಾರ್ಯಾಗಾರಕ್ಕೆ ಹೋದಳು (ಊಟವಿದೆ ಎಂದು ಗೆಳತಿ ಎಳೆದೊಯ್ದಳಂತೆ). ಗ್ರಂಥಪಾಲಕರು ಕನ್ನಡದಲ್ಲೇ ಮಾತಾಡಿದರು. ಮನೆಯಲ್ಲಿ ಪುಸ್ತಕದ ಬೀರು ಇರುವವರ ಮಕ್ಕಳು ಹೇಗೋ ದಾರಿ ಕಂಡುಕೊಳ್ಳುತ್ತಾರೆ. ಇಂಥ ಕಾರ್ಯಾಗಾರ ತಪ್ಪಿದರೆ ನಷ್ಟವಾಗುವುದು ಇವಳಂಥವರಿಗೇ.

ಈಗ ಕಲಿಯಬೇಕಾದದ್ದೂ ಬೆಳೆದಿದೆ. ಬಿಡಿಯಾಗಿ ಕೊಂಡರೆ ಒಂದು ಸಂಶೋಧನಾ ಲೇಖನಕ್ಕೂ ಡಾಲರುಗಳಲ್ಲಿ ಬೆಲೆ. ಆದರೆ ಕೇಂದ್ರ ಸರ್ಕಾರದ 'ಒಂದು ದೇಶ, ಒಂದು ಚಂದಾ' ಯೋಜನೆ 2025ರ ಜನವರಿಯಲ್ಲಿ ಆರಂಭವಾಗಿದೆ. ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳ ವಿದ್ಯಾರ್ಥಿಗಳಿಗೆ ಪುಕ್ಕಟೆ. ದೇಶದ ಪಿಎಚ್.ಡಿ. ಪ್ರಬಂಧಗಳನ್ನು 'ಶೋಧಗಂಗಾ'ದಲ್ಲಿ ಯಾರು ಬೇಕಾದರೂ ಓದಬಹುದು. ತೆರಿಗೆ ಕಟ್ಟಿದ ಪೋಷಕರೇ, ನಿಮ್ಮ ಮಗ ಇದನ್ನು ಒಮ್ಮೆಯಾದರೂ ತೆರೆದು ನೋಡಿದ್ದಾನೆಯೇ?

ಕೃತಿಚೌರ್ಯದ ಪಾಠವೂ ಈ ಕಾರ್ಯಾಗಾರಗಳಲ್ಲೇ ನಡೆಯುತ್ತದೆ. ಯುಜಿಸಿಯ 2018ರ ನಿಯಮದಂತೆ ಪ್ರಬಂಧದಲ್ಲಿ ನಕಲು ಶೇ. 10ರವರೆಗೆ ಇದ್ದರೆ ದಂಡವಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಬೇರೆಯವರ ಮಾತನ್ನು ಬಳಸುವ ರೀತಿ, ಮೂಲ ಹೆಸರಿಸುವ ಕ್ರಮ ಮೊದಲೇ ಗೊತ್ತಿದ್ದರೆ ಕೊನೆಯ ವರ್ಷ ಅಳುವ ಪ್ರಮೇಯವಿರದು.

ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಅಲ್ಲೇ ತೀರಿಕೊಂಡರು. ಆಗಸ್ಟ್ 12 ಅವರ ನೆನಪಿನ ಗ್ರಂಥಪಾಲಕರ ದಿನ. ಅನೇಕ ಕಡೆ ಪ್ರದರ್ಶನ, ಉಪನ್ಯಾಸ ಇರುತ್ತವೆ. ಹೋಗುವಾಗ ನಿಮ್ಮ ಪಠ್ಯದಲ್ಲಿ ಉತ್ತರ ಸಿಗದ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೌಂಟರಿನಲ್ಲಿ ಕೇಳಿ. ಕನ್ನಡದಲ್ಲೇ ಕೇಳಿ.