ಐದು ತಿಂಗಳಿಗೆ ಸ್ಪ್ಯಾನಿಷ್ ಬೇಕು, ಇಪ್ಪತ್ತು ವರ್ಷಕ್ಕೂ ಕನ್ನಡ ಬೇಡವೇ?



ನಾನು ಪಿಯುಸಿಗೆ ಓದು ಮುಗಿಸಿ, ಇಪ್ಪತ್ತು ವರ್ಷಗಳಿಂದ ಪ್ರೆಸ್ ನಡೆಸುತ್ತಿರುವವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ, ಇವೇ ನನ್ನ ಅನ್ನ. ವಿಮಾನ ಹತ್ತಿದವನಲ್ಲ. ಆದರೆ ನನ್ನ ಮಗಳು ಬರುವ ಫೆಬ್ರವರಿಯಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾಕ್ಕೆ ಹೊರಟಿದ್ದಾಳೆ. ಓದು ಒಂದೇ ಒಂದು ಸೆಮಿಸ್ಟರ್. ಜೂನ್ ಕೊನೆಗೆ ವಾಪಸ್. ಈ ಐದು ತಿಂಗಳಿಗಾಗಿ ಆ ಹುಡುಗಿ ಎಂಟು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ! ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿಸಿದ್ದಾಳೆ. ಉಪ್ಪಿಗೆ ‘ಸಾಲ್’, ಅಕ್ಕಿಗೆ ‘ಅರ್ರೋಸ್’, ಹಾಲಿಗೆ ‘ಲೆಚೆ’.

“ಇಂಗ್ಲಿಷ್ ಬರುತ್ತಲ್ಲಮ್ಮ, ಸಾಲದೇ?” ಎಂದೆ.

“ಅವರ ಊರಿಗೆ ಹೋಗಿ ಅವರ ಭಾಷೆ ಆಡದಿದ್ದರೆ ಮರ್ಯಾದೆ ಇರುತ್ತಾ ಅಪ್ಪಾ?” ಎಂದಳು.

ಓದುಗರೇ, ಕೆನ್ನೆಗೆ ಬಾರಿಸಿದ ಹಾಗಾಯಿತು. ನಮ್ಮ ಬೆಂಗಳೂರಿಗೆ ಬಂದು, ಇಪ್ಪತ್ತು ವರ್ಷ ಇಲ್ಲಿನ ನೀರು ಕುಡಿದು, ಮೂರಂತಸ್ತಿನ ಮನೆ ಕಟ್ಟಿ, ‘ಕನ್ನಡ ಗೊತ್ತಿಲ್ಲ’ ಎಂಬ ಎರಡೇ ಪದ ಕಲಿತವರನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಸ್ಪೇನಿನವನಿಗೆ ಸಿಗುವ ಮರ್ಯಾದೆ ಕನ್ನಡಿಗನಿಗೆ ಏಕಿಲ್ಲ? ಅವನ ಭಾಷೆ ಆಡುವವರು ಜಗತ್ತಿನಲ್ಲಿ ಸುಮಾರು 50 ಕೋಟಿ, ಅದಕ್ಕೆ ಎನ್ನುತ್ತೀರಾ? ಅಲ್ಲ ಸ್ವಾಮಿ. ಅವನು ಕೇಳುತ್ತಾನೆ, ನಾವು ಕೇಳುವುದಿಲ್ಲ. ಅಷ್ಟೇ ವ್ಯತ್ಯಾಸ!

ಅಕ್ಷರದ ಮನುಷ್ಯ ನಾನು, ಅಕ್ಷರದ ಕಥೆಯನ್ನೇ ಹೇಳುತ್ತೇನೆ. ಸ್ಪ್ಯಾನಿಷ್‌ನಲ್ಲಿ ‘ಎನ್ಯೆ’ ಎಂಬ ಒಂದು ಅಕ್ಷರವಿದೆ. ‘ಎನ್’ ತಲೆಯ ಮೇಲೊಂದು ಡೊಂಕು ಗೆರೆ. ಉಚ್ಚಾರ ಹೆಚ್ಚುಕಡಿಮೆ ನಮ್ಮ ‘ಞ’. ಅದಿಲ್ಲದೆ ಅವರ ದೇಶದ ಹೆಸರನ್ನೇ ಬರೆಯಲಾಗದು. ಅವರ ಭಾಷೆಯಲ್ಲಿ ಅದು ‘ಎಸ್ಪಾಞ’. ವರ್ಷ ಎಂಬ ಪದದ ಮೇಲಿನ ಆ ಗೆರೆ ಬಿದ್ದುಹೋದರೆ, ಹೇಳಲು ನಾಚುವ ಅಂಗದ ಹೆಸರಾಗುತ್ತದೆ! ತಮ್ಮ ದೇಶದಲ್ಲಿ ಮಾರುವ ಕಂಪ್ಯೂಟರಿನ ಕೀಲಿಮಣೆಯಲ್ಲಿ ಈ ಅಕ್ಷರ ಇರಲೇಬೇಕೆಂದು ಅವರು ನಿಯಮ ಮಾಡಿದ್ದರು. 1991ರಲ್ಲಿ ಯುರೋಪಿನ ಒಕ್ಕೂಟ, ಇದು ಮುಕ್ತ ವ್ಯಾಪಾರಕ್ಕೆ ಅಡ್ಡಿ, ತೆಗೆಯಿರಿ ಎಂದಿತು. ಸ್ಪೇನ್ ತೆಗೆಯಿತೇ? 1993ರಲ್ಲಿ ಸರ್ಕಾರಿ ಆಜ್ಞೆ ಹೊರಡಿಸಿ ಆ ಅಕ್ಷರವನ್ನು ಉಳಿಸಿಕೊಂಡಿತು. ಒಂದೇ ಒಂದು ಅಕ್ಷರಕ್ಕಾಗಿ!

ನಮಗೋ, ಇಡೀ ವರ್ಣಮಾಲೆಯೇ ಮೊಬೈಲಿನೊಳಗೆ ಪುಕ್ಕಟೆಯಾಗಿ ಕೂತಿದೆ. ಆದರೂ ‘ಊಟ ಆಯ್ತಾ’ ಎಂದು ಕೇಳಲು ಇಂಗ್ಲಿಷ್ ಅಕ್ಷರ ಕುಟ್ಟುತ್ತೇವೆ. ‘ಙ, ಞ ಯಾಕ್ರೀ ಬೇಕು’ ಎಂದು ನಗುತ್ತೇವೆ. ಹಿತ್ತಲ ಗಿಡ ಮದ್ದಲ್ಲ!

“ಸ್ಪೇನ್ ಒಂದು ದೇಶ, ಕರ್ನಾಟಕ ಬರೀ ಒಂದು ರಾಜ್ಯ” ಎಂದು ವಾದಿಸುವ ಬುದ್ಧಿವಂತರಿದ್ದಾರೆ. ಅವರಿಗೂ ಉತ್ತರ ಬಾರ್ಸಿಲೋನಾದಲ್ಲೇ ಇದೆ. ಆ ಊರಿನ ಸ್ವಂತ ಭಾಷೆ ಸ್ಪ್ಯಾನಿಷ್ ಅಲ್ಲ, ಕತಲಾನ್. ಕತಲೋನಿಯಾ ಸ್ಪೇನಿನೊಳಗಿನ ಒಂದು ಪ್ರಾಂತ್ಯ, ನಮ್ಮ ಹಾಗೆ. 1939ರ ಜನವರಿಯಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸೈನ್ಯ ಬಾರ್ಸಿಲೋನಾ ಹಿಡಿಯಿತು. ಶಾಲೆಯಿಂದ, ಕಚೇರಿಯಿಂದ, ಪತ್ರಿಕೆಯಿಂದ ಕತಲಾನ್ ಹೊರಬಿತ್ತು. ಹುಟ್ಟಿದ ಮಗುವಿನ ಹೆಸರನ್ನೂ ಸ್ಪ್ಯಾನಿಷ್‌ನಲ್ಲೇ ಬರೆಸಬೇಕು! 1975ರಲ್ಲಿ ಫ್ರಾಂಕೋ ಸತ್ತ. ಮರುವರ್ಷವೇ, 1976ರ ಏಪ್ರಿಲ್ 23ರಂದು, ‘ಅವುಯಿ’ ಎಂಬ ಕತಲಾನ್ ದಿನಪತ್ರಿಕೆ ಹೊರಬಂತು. 37 ವರ್ಷಗಳ ಮೇಲೆ ಮತ್ತೆ ಒಂದು ದಿನಪತ್ರಿಕೆ! ಆ ದಿನ ಅಚ್ಚಿನ ಮನೆಯಲ್ಲಿ ನಿಂತಿದ್ದವರ ಎದೆ ಹೇಗೆ ಹೊಡೆದುಕೊಂಡಿರಬೇಕು, ಮಸಿ ಮುಟ್ಟಿದ ನನಗೆ ಗೊತ್ತು.

ಅವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. 1983ರಲ್ಲಿ ಭಾಷಾ ಕಾಯಿದೆ ತಂದರು. ಶಾಲೆಯ ಪಾಠವನ್ನು ಕತಲಾನ್‌ಗೆ ತಂದರು. ಅಲ್ಲಿ ಸರ್ಕಾರಿ ಮೇಷ್ಟ್ರಾಗಬೇಕಾದರೆ ಕತಲಾನ್ ಬಲ್ಲೆನೆಂಬ ಪ್ರಮಾಣಪತ್ರ ಬೇಕು. ಹೊರಗಿನಿಂದ ಬಂದವರಿಗೆ ಬೈದು ಕೂರಲಿಲ್ಲ, ಕಲಿಸಲು ಸರ್ಕಾರದಿಂದಲೇ ತರಗತಿ ಇಟ್ಟರು. ನನ್ನ ಮಗಳಿಗೆ ಬಂದ ಪತ್ರದಲ್ಲೂ ಅದೇ: ಕೆಲವು ಪಾಠ ಕತಲಾನ್‌ನಲ್ಲಿ ನಡೆಯುತ್ತದೆ, ಯಾವುದೆಂದು ಮೊದಲೇ ನೋಡಿಕೊಳ್ಳಿ. ಓದಿ ಹುಡುಗಿ ಒಂದು ದಿನ ಮಂಕಾದಳು. ಮರುದಿನ ಡಬ್ಬಿಗಳ ಮೇಲೆ ಇನ್ನೊಂದು ಚೀಟಿ! ಹಾಲಿಗೆ ‘ಲ್ಯೆಟ್’.

ಅವರ ಹೋರಾಟವೂ ಮುಗಿದಿಲ್ಲ. ಶಾಲೆಗಳಲ್ಲಿ ಶೇ. 25 ಪಾಠ ಸ್ಪ್ಯಾನಿಷ್‌ನಲ್ಲಿರಲಿ ಎಂದು 2020ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಹೇಳಿತು. ನಮ್ಮ ಮಾತೃಭಾಷಾ ಮಾಧ್ಯಮದ ಆದೇಶವೂ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತಲ್ಲ! ನೋವು ಒಂದೇ. ಆದರೆ ಕತಲಾನ್ ಬಲ್ಲವರು ಸುಮಾರು ಒಂದು ಕೋಟಿ. ಕನ್ನಡ ತಾಯ್ನುಡಿಯಾದವರು 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ. ಕೊರತೆ ಇರುವುದು ತಲೆಯ ಲೆಕ್ಕದಲ್ಲೋ, ಬೆನ್ನುಮೂಳೆಯಲ್ಲೋ?

ನಮ್ಮಲ್ಲಿ ಕಾನೂನಿಲ್ಲವೇ? ಇದೆ. ರಾಜ್ಯಭಾಷಾ ಕಾಯಿದೆ 1963ರದು. ನಾಮಫಲಕದಲ್ಲಿ ಶೇ. 60 ಕನ್ನಡ ಎಂಬ ತಿದ್ದುಪಡಿ 2024ರದು. ಫಲಕದ ಮೇಲೆ ಕನ್ನಡ ಬಂತು. ಫಲಕದ ಕೆಳಗೆ ನಿಂತ ನಮ್ಮ ಬಾಯಿಗೆ?

ತಪ್ಪನ್ನು ಬಂದವರ ಮೇಲೆ ಹೊರಿಸಿ ಕೈತೊಳೆದುಕೊಳ್ಳಲಾರೆ. ಹೋದ ತಿಂಗಳು ಅಪ್ಪಟ ಕನ್ನಡದ ಮನೆಯವರೊಬ್ಬರು ಲಗ್ನಪತ್ರಿಕೆ ಮಾಡಿಸಲು ಬಂದರು. ಪೂರ್ತಿ ಇಂಗ್ಲಿಷ್. ಅಜ್ಜ ಅಜ್ಜಿಯ ಹೆಸರೂ ಇಂಗ್ಲಿಷ್. ಓದಲಾರದ ಆ ಅಜ್ಜಿ ಎದುರಿಗೇ ಕೂತಿದ್ದರು. ‘ಒಂದು ಬದಿಯಾದರೂ ಕನ್ನಡ ಇರಲಿ’ ಎನ್ನಲು ನನ್ನ ಬಾಯಿ ಬರಲಿಲ್ಲ. 500 ಪ್ರತಿ ಒತ್ತಿ ದುಡ್ಡು ಎಣಿಸಿಕೊಂಡೆ. ಬಂದವನು ಕೇಳುವುದಿಲ್ಲ ಎನ್ನುವ ನಾನೇ ಕೇಳಲಿಲ್ಲ. ನಾಚಿಕೆಗೇಡು!

ಅಂದಿನಿಂದ ಕನ್ನಡದ ಬದಿಗೆ ನಾನು ಜೋಡಿಸುವ ಕೂಲಿ ತೆಗೆದುಕೊಳ್ಳುವುದಿಲ್ಲ. ಬೇಡ ಎನ್ನುವವರನ್ನೂ ಒಮ್ಮೆ ಕೇಳಿಯೇ ಕಳಿಸುತ್ತೇನೆ. ನೀವೂ ಕೇಳಿ. ಬ್ಯಾಂಕಿನಲ್ಲಿ ಚಲನ್ ಕನ್ನಡದಲ್ಲಿ ಕೇಳಿ. ಪಕ್ಕದ ಮನೆಗೆ ಬಂದವನ ಹತ್ತಿರ ಹಿಂದಿಗೆ, ಇಂಗ್ಲಿಷಿಗೆ ಓಡಬೇಡಿ. ನಿಧಾನವಾಗಿ, ನಗುನಗುತ್ತ ಕನ್ನಡದಲ್ಲೇ ಮಾತಾಡಿ, ಕಲಿಸಿ.

ಏಪ್ರಿಲ್ 23 ಬಾರ್ಸಿಲೋನಾದವರ ಹಬ್ಬ. ಬೀದಿಬೀದಿಯಲ್ಲಿ ಪುಸ್ತಕ, ಗುಲಾಬಿ ಕೊಟ್ಟು ಕೊಳ್ಳುತ್ತಾರಂತೆ. ಅಂದು ನನ್ನ ಮಗಳು ಅಲ್ಲಿರುತ್ತಾಳೆ. ಅವಳ ಪೆಟ್ಟಿಗೆಗೆ ಒಂದು ಕನ್ನಡ ಪುಸ್ತಕ ಹಾಕುತ್ತಿದ್ದೇನೆ. ‘ನಿನ್ನ ಭಾಷೆ ಯಾವುದು?’ ಎಂದು ಯಾರಾದರೂ ಕೇಳಿದರೆ, ತೆಗೆದು ತೋರಿಸಲಿ.

ಕೇಳದವರಿಗೆ ಯಾರೂ ಕೊಡುವುದಿಲ್ಲ ಕನ್ನಡಿಗರೇ. ಇಂದೇ ಕೇಳಿ, ಕನ್ನಡದಲ್ಲೇ ಕೇಳಿ!