ಕಲ್ಲಿಗಿರುವ ಬೆಲೆ ಕೈಗೇಕಿಲ್ಲ?

ಚಾಮರಾಜನಗರದ ಕರಿಕಲ್ಲು ಹೊರದೇಶಕ್ಕೆ ಹೋಗುವಾಗ ಅಳೆಸಿಕೊಂಡು ಹೋಗುತ್ತದೆ. ಅದರ ಉದ್ದ, ಅಗಲ, ದಪ್ಪ, ಬಣ್ಣ ಎಲ್ಲವನ್ನೂ ಪರೀಕ್ಷಿಸಿ, ದರ್ಜೆ ನಿಗದಿಪಡಿಸಿ, ಕಾಗದಪತ್ರಗಳ ಸಮೇತ ಬಂದರಿಗೆ ಕಳುಹಿಸುತ್ತಾರೆ. ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಗೊತ್ತು. ಮಾರುವವನಿಗೆ ಅದರ ಬೆಲೆ ಗೊತ್ತು. ಅದೇ ಜಿಲ್ಲೆಯ ಯುವಕನೊಬ್ಬ ವೆಲ್ಡಿಂಗ್ ಕಲಿತು, ವೈರಿಂಗ್ ಕಲಿತು, ಅದೇ ಹೊರದೇಶಕ್ಕೆ ಹೊರಟಾಗ ಅವನ ಕೈಯ ದರ್ಜೆಯನ್ನು ಹೇಳುವ ಕಾಗದ ಒಂದೂ ಅವನ ಬಳಿ ಇರುವುದಿಲ್ಲ. ಇರುವುದು ಏಜೆಂಟನ ಮಾತು, ಮತ್ತು ಮನೆಯವರು ಮಾಡಿದ ಸಾಲ. ಪ್ರಿಯ ಓದುಗರೇ, ಕಲ್ಲಿಗೆ ನಾವು ತೋರಿಸುವ ಎಚ್ಚರವನ್ನು ನಮ್ಮ ಮಕ್ಕಳ ವಿಷಯದಲ್ಲಿ ಏಕೆ ತೋರಿಸುತ್ತಿಲ್ಲ ಎಂಬುದೇ ಈ ಲೇಖನದ ಪ್ರಶ್ನೆ.

ಹೊರದೇಶಕ್ಕೆ ಹೋಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ದುಡಿಮೆಯನ್ನು ಅರಸಿ ಊರು ಬಿಡುವುದು ಮನುಷ್ಯನಷ್ಟೇ ಹಳೆಯ ಸಂಗತಿ. ಸಂತ ಪೌಲರು ಕೊರಿಂಥ ಪಟ್ಟಣಕ್ಕೆ ಬಂದಾಗ ಪರಸ್ಥಳದವರಾಗಿಯೇ ಬಂದರು. ಚಕ್ರವರ್ತಿ ಕ್ಲೌದಿಯನ ಆಜ್ಞೆಯಿಂದ ರೋಮನ್ನು ತೊರೆದು ಬಂದಿದ್ದ ಅಕ್ವಿಲ ಮತ್ತು ಪ್ರಿಸ್ಸಿಲ ದಂಪತಿಗಳು ಅಲ್ಲಿ ಅವರಿಗೆ ಆಸರೆಯಾದರು. ಅವರನ್ನು ಒಂದೇ ಸೂರಿನ ಕೆಳಗೆ ದುಡಿಯಲು ತಂದದ್ದು ಇಬ್ಬರಿಗೂ ತಿಳಿದಿದ್ದ ಗುಡಾರ ಮಾಡುವ ಕಸುಬು ಎಂದು ಪ್ರೇಷಿತರ ಕಾರ್ಯಕಲಾಪಗಳು ಸ್ಪಷ್ಟವಾಗಿ ಹೇಳುತ್ತವೆ. ಅಪರಿಚಿತ ಊರಿನಲ್ಲಿ ಪೌಲರ ಪರಿಚಯಪತ್ರ ಅವರ ಕೈಕಸುಬೇ ಆಗಿತ್ತು. ಆದರೆ ಆ ಕಾಲದಲ್ಲಿ ಒಬ್ಬ ಕಸುಬುದಾರ ಇನ್ನೊಬ್ಬನ ಕೈಕೆಲಸವನ್ನು ಕಣ್ಣಾರೆ ಕಂಡು ಒಪ್ಪಿಕೊಳ್ಳುತ್ತಿದ್ದ. ಇಂದು ಸಾವಿರಾರು ಮೈಲಿ ದೂರದ ಕಚೇರಿಯೊಂದು ಕಾಗದವನ್ನು ನೋಡಿ ಒಪ್ಪಿಕೊಳ್ಳಬೇಕು. ಈ ವ್ಯತ್ಯಾಸವನ್ನು ಅರಿಯದಿರುವುದೇ ನಮ್ಮ ಕಷ್ಟದ ಮೂಲ.

ನಮ್ಮ ಕುಟುಂಬಗಳು ಈ ವಿಷಯದಲ್ಲಿ ಮಾಡುವ ಮೊದಲನೆಯ ಅನ್ಯಾಯ ಐ.ಟಿ.ಐ.ಯನ್ನು ಕೀಳಾಗಿ ಕಾಣುವುದು. ಓದಿನಲ್ಲಿ ಹಿಂದುಳಿದ ಮಗನನ್ನು 'ಅಲ್ಲಿಗಾದರೂ ಸೇರಿಸೋಣ' ಎನ್ನುತ್ತೇವೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1950ರಲ್ಲಿ, ಕೇಂದ್ರ ಸರ್ಕಾರ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯ ಫಲ ಈ ಸಂಸ್ಥೆಗಳು. ಅಲ್ಲಿ ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಕಸುಬುಗಳಿಗೆ ಎರಡು ವರ್ಷ, ವೆಲ್ಡರ್ ಕಸುಬಿಗೆ ಒಂದು ವರ್ಷ ತರಬೇತಿ ಇದೆ. ಅದರ ನಂತರ 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತಾ ಕಲಿತು ರಾಷ್ಟ್ರೀಯ ಪ್ರಮಾಣಪತ್ರ ಗಳಿಸುವ ಅವಕಾಶವಿದೆ. ಈ ಎರಡು ಕಾಗದಗಳ ಬೆಲೆ ನಮಗೆ ತಿಳಿಯದಿದ್ದರೂ ಹೊರದೇಶದ ಕಚೇರಿಗಳಿಗೆ ತಿಳಿದಿದೆ.

ಜರ್ಮನಿಯನ್ನೇ ನೋಡಿ. ಹೊರದೇಶದ ವೃತ್ತಿ ತರಬೇತಿಯನ್ನು ತನ್ನ ತರಬೇತಿಯೊಡನೆ ಹೋಲಿಸಿ ಮಾನ್ಯತೆ ಕೊಡುವ ಕಾನೂನನ್ನು ಆ ದೇಶ 2012ರಲ್ಲಿ ಜಾರಿಗೆ ತಂದಿತು. ಪದವೀಧರರಷ್ಟೇ ಅಲ್ಲದೆ ಕೈಕಸುಬಿನವರಿಗೂ ಬಾಗಿಲು ತೆರೆಯುವ ವಲಸೆ ಕಾನೂನು 2020ರ ಮಾರ್ಚ್‌ನಲ್ಲಿ ಬಂದಿತು. 2024ರ ಮಾರ್ಚ್‌ನಿಂದ ಇನ್ನೊಂದು ದಾರಿಯೂ ಇದೆ: ತನ್ನ ದೇಶದ ಸರ್ಕಾರ ಮಾನ್ಯ ಮಾಡಿದ, ಕನಿಷ್ಠ ಎರಡು ವರ್ಷಗಳ ತರಬೇತಿ ಮತ್ತು ಕನಿಷ್ಠ ಎರಡು ವರ್ಷಗಳ ಅನುಭವ ಇದ್ದವನು, ನಿಗದಿತ ಮಟ್ಟದ ಸಂಬಳದ ಉದ್ಯೋಗ ಸಿಕ್ಕರೆ, ಅನೇಕ ಕಸುಬುಗಳಲ್ಲಿ ಜರ್ಮನ್ ಮಾನ್ಯತೆಗಾಗಿ ಕಾಯದೆಯೇ ಹೋಗಬಹುದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಆ ದೇಶ ಪ್ರಕಟಿಸಿತು.

ಈ ನಿಯಮವನ್ನು ಗುಂಡ್ಲುಪೇಟೆಯ ಒಂದು ಮನೆಗೆ ಅನ್ವಯಿಸಿ ಯೋಚಿಸಿ. ಎರಡು ವರ್ಷ ಫಿಟ್ಟರ್ ತರಬೇತಿ ಪಡೆದು ನಂಜನಗೂಡಿನ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದು, ಅದಕ್ಕೆ ಪುರಾವೆ ಇಟ್ಟುಕೊಂಡವನು ಆ ಬಾಗಿಲ ಮುಂದೆ ನಿಲ್ಲಬಲ್ಲ. ಹದಿನಾಲ್ಕನೆಯ ವಯಸ್ಸಿಗೇ ಗ್ಯಾರೇಜು ಸೇರಿ, ಹತ್ತು ವರ್ಷ ದುಡಿದು, ಆ ಫಿಟ್ಟರ್‌ಗಿಂತ ಚೆನ್ನಾಗಿ ಕೆಲಸ ಬಲ್ಲವನು ಅಲ್ಲಿ ನಿಲ್ಲಲಾರ. ಅವನ ಕೈಗೆ ಕಸುಬು ಬರುತ್ತದೆ, ಕಾಗದಕ್ಕೆ ಬರುವುದಿಲ್ಲ. ಇದು ನ್ಯಾಯವೇ ಎಂದು ಕೇಳಬಹುದು. ಪೂರ್ಣ ನ್ಯಾಯವಲ್ಲ. ಆದರೆ ಈ ಅನ್ಯಾಯದಲ್ಲಿ ನಮ್ಮ ಪಾಲೂ ಇದೆಯೆಂಬುದನ್ನು ಮರೆಯಬಾರದು.

ನಮ್ಮ ಪಾಲು ಯಾವುದು? ನಮ್ಮಲ್ಲೇ ವರ್ಕ್‌ಶಾಪು, ಗ್ಯಾರೇಜು, ಎಲೆಕ್ಟ್ರಿಕಲ್ ಅಂಗಡಿ ನಡೆಸುವವರಿದ್ದಾರೆ. ಅವರಲ್ಲಿ ಎಷ್ಟು ಮಂದಿ ತಮ್ಮಲ್ಲಿ ದುಡಿಯುವ ಹುಡುಗನಿಗೆ ನೇಮಕಾತಿ ಪತ್ರ ಕೊಟ್ಟಿದ್ದಾರೆ? ಸಂಬಳವನ್ನು ಬ್ಯಾಂಕಿನ ಮೂಲಕ ಕೊಡುತ್ತಾರೆ? ಅವನು ಕೆಲಸ ಬಿಟ್ಟು ಹೋಗುವಾಗ 'ಇಂತಹ ದಿನಾಂಕದಿಂದ ಇಂತಹ ದಿನಾಂಕದವರೆಗೆ ಇಂತಹ ಯಂತ್ರದ ಮೇಲೆ ಕೆಲಸ ಮಾಡಿದ್ದಾನೆ' ಎಂದು ಅನುಭವ ಪತ್ರ ಬರೆದುಕೊಟ್ಟಿದ್ದಾರೆ? ಹುಡುಗ ಕೇಳಿದರೆ 'ಅದೆಲ್ಲ ಏಕೆ, ಫೋನ್ ಮಾಡಿದರೆ ನಾನೇ ಹೇಳುತ್ತೇನೆ' ಎನ್ನುವ ಉದಾರಿಗಳು ನಮ್ಮಲ್ಲಿ ಉಂಟು. ಹೊರದೇಶದ ಕಚೇರಿ ಅವರಿಗೆ ಫೋನ್ ಮಾಡುವುದಿಲ್ಲ. ಅವರು ಬರೆದುಕೊಡದ ಆ ಒಂದು ಹಾಳೆ ಆ ಹುಡುಗನ ಹತ್ತು ವರ್ಷಗಳನ್ನು ಇಲ್ಲವಾಗಿಸುತ್ತದೆ. ಕೂಲಿಯನ್ನು ತಡೆಹಿಡಿಯುವುದು ಪಾಪವೆಂದು ನಾವು ಬಲ್ಲೆವು. ದುಡಿದದ್ದಕ್ಕೆ ಪುರಾವೆಯನ್ನು ತಡೆಹಿಡಿಯುವುದು ಅದಕ್ಕಿಂತ ಹಗುರವಾದುದೇ?

ಎರಡನೆಯ ಅನ್ಯಾಯ ಏಜೆಂಟನಿಗೆ ಸಂಬಂಧಿಸಿದ್ದು. ಕೊಲ್ಲಿ ರಾಷ್ಟ್ರಗಳಿಗೆ ಹೋಗಲು ಎರಡು ಲಕ್ಷ, ಯೂರೋಪಿಗೆ ಎಂಟು ಲಕ್ಷ ಎಂದು ಯಾರಾದರೂ ಬೆಲೆ ಹೇಳಿದರೆ ನಾವು ಅದನ್ನು ಬಸ್ಸಿನ ಟಿಕೆಟ್ ದರದಂತೆ ಸ್ವೀಕರಿಸುತ್ತೇವೆ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟನು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಅಂತಹ ಏಜೆಂಟನು ಕೆಲಸಗಾರನಿಂದ ಪಡೆಯಬಹುದಾದ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಅದಕ್ಕೂ ರಸೀದಿ ಕೊಡಬೇಕು. ನೋಂದಾಯಿತ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಎಲ್ಲರಿಗೂ ತೆರೆದಿದೆ. ಹತ್ತು ನಿಮಿಷದ ಕೆಲಸ. ಹಸು ಕೊಳ್ಳುವಾಗ ಹಲ್ಲು ನೋಡುವ ನಾವು ಮಗನನ್ನು ಒಪ್ಪಿಸುವಾಗ ಆ ಪಟ್ಟಿಯನ್ನು ನೋಡುವುದಿಲ್ಲ.

ಇನ್ನು ಸಂದರ್ಶಕ ವೀಸಾದಲ್ಲಿ ಹೋಗಿ 'ಅಲ್ಲಿ ಬದಲಾಯಿಸಿಕೊಳ್ಳೋಣ' ಎಂಬ ಸಲಹೆ. ಇದು ಸಲಹೆಯಲ್ಲ, ಬಲೆ. ಹತ್ತನೆಯ ತರಗತಿ ಮುಗಿಸದವರು ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕೆ ಹೋಗುವಾಗ ಸರ್ಕಾರದ ವಲಸೆ ಅನುಮತಿ ಕಡ್ಡಾಯ. ಆ ಅನುಮತಿಯ ವೇಳೆ ಉದ್ಯೋಗದ ಕರಾರು ಪರಿಶೀಲನೆಗೆ ಒಳಪಡುತ್ತದೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿ ಕೊಡುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಜೊತೆಗೆ ಬರುತ್ತದೆ. ಸಂದರ್ಶಕನಂತೆ ಹೋದವನಿಗೆ ಕರಾರೂ ಇಲ್ಲ, ವಿಮೆಯೂ ಇಲ್ಲ. ಸಂಬಳ ಕೊಡದ ಮಾಲೀಕನ ಮೇಲೆ ದೂರು ಕೊಡಲು ಹೋದರೆ ಮೊದಲು ತಪ್ಪಿತಸ್ಥನಾಗುವವನು ಅವನೇ. ವೆಲ್ಡರ್ ಎಂದು ಹೋದವನು ಕಬ್ಬಿಣ ಹೊರುವ ಹೆಲ್ಪರ್ ಆಗಿ ಉಳಿಯುವುದು ಹೀಗೆಯೇ. ಊರಿನಲ್ಲಿ ಬಡ್ಡಿ ಬೆಳೆಯುತ್ತಿರುವಾಗ ಅವನು ಹಿಂದಿರುಗುವಂತೆಯೂ ಇಲ್ಲ.

ಕೊಲ್ಲಿ ರಾಷ್ಟ್ರಗಳೂ ಬದಲಾಗುತ್ತಿವೆ ಎಂಬುದನ್ನು ಗಮನಿಸಬೇಕು. ಕತಾರ್ 2020ರಲ್ಲಿ, ಹಳೆಯ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಾಯಿಸಲು ಅವಕಾಶ ಕೊಟ್ಟಿತು. 2021ರಲ್ಲಿ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವನ್ನು ಎಲ್ಲರಿಗೂ ಅನ್ವಯಿಸಿತು. ಸೌದಿ ಅರೇಬಿಯಾ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮುಂತಾದ ಕಸುಬುಗಳವರನ್ನು ಅವರ ದೇಶದಲ್ಲಿಯೇ ಪರೀಕ್ಷಿಸಿದ ನಂತರ ಬರಮಾಡಿಕೊಳ್ಳುತ್ತಿದೆ. ಕೈ ಪಳಗಿದವನಿಗೆ ಇದು ಶುಭವಾರ್ತೆ. ಸುಳ್ಳು ಪ್ರಮಾಣಪತ್ರವನ್ನು ಕೊಂಡವನಿಗೆ ಇದು ಕೊನೆಯ ಎಚ್ಚರಿಕೆ.

'ಊರಿನಲ್ಲೇ ದುಡಿಯಲಿ, ಹೊರದೇಶ ಏಕೆ?' ಎನ್ನುವ ಹಿರಿಯರ ಮಾತಿನಲ್ಲಿ ಪ್ರೀತಿಯಿದೆ. ಮಳೆಯನ್ನು ನಂಬಿದ ಬೇಸಾಯ, ಅರಿಶಿನದ ಬೆಲೆಯ ಏರಿಳಿತ, ಕೂಲಿಗಾಗಿ ಕೇರಳದ ಕಡೆಗೂ, ಕಾಫಿ ತೋಟದ ಕೂಲಿಗೆ ಕೊಡಗಿನ ಕಡೆಗೂ ಹೋಗುವ ಕುಟುಂಬಗಳು ಇವನ್ನು ನೋಡಿಯೂ ಹಾಗೆ ಹೇಳುವುದು ಕಷ್ಟ. ಆದರೂ ಆ ಹಿರಿಯರಿಗೆ ಒಂದು ಮಾತು: ನಾನು ಕೇಳುತ್ತಿರುವ ಕಾಗದ ಹೊರದೇಶಕ್ಕೆ ಮಾತ್ರವಲ್ಲ. ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೂ ಅದನ್ನೇ ಕೇಳುತ್ತದೆ. ಕಸುಬಿಗೆ ಪುರಾವೆ ಇದ್ದವನು ಊರಿನಲ್ಲಿ ಉಳಿಯಲೂ ಸ್ವತಂತ್ರ, ಹೋಗಲೂ ಸ್ವತಂತ್ರ. ಇಲ್ಲದವನು ಎರಡೂ ಕಡೆ ಹೆಲ್ಪರ್.

ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಎರಡಾಗಿ ಒಡೆದು ಒಂದು ಊಟಿಗೂ ಇನ್ನೊಂದು ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆಗೂ ಹೋಗುತ್ತದೆ. ಆ ಎರಡನೆಯ ರಸ್ತೆಯ ತುದಿಯಲ್ಲಿರುವ ರಾಜ್ಯ ವಲಸೆಯ ಪಾಠವನ್ನು ನಮಗಿಂತ ಬಹಳ ಮೊದಲೇ ಕಲಿಯಿತು. ಹೊರದೇಶದ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಸರ್ಕಾರಿ ಸಂಸ್ಥೆಯನ್ನು ಕೇರಳ 1977ರಲ್ಲೇ ಕಟ್ಟಿತು. ಅನಿವಾಸಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆಯನ್ನು 1996ರಲ್ಲಿ ತೆರೆಯಿತು. ನಮ್ಮ ರಾಜ್ಯದಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವಿದೆ. ತರಗತಿಯ ಮೆಟ್ಟಿಲು ಹತ್ತದೆ ಗ್ಯಾರೇಜಿನಲ್ಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಸೇರಿತ್ತು. ಜರ್ಮನಿ ಕೇಳುವ ಎರಡು ವರ್ಷಗಳ ತರಬೇತಿಗೆ ಅದು ಸಮವಲ್ಲ, ಆದರೆ ಏನೂ ಇಲ್ಲದಿರುವುದಕ್ಕಿಂತ ಮೇಲು. ಇವುಗಳ ಹೆಸರನ್ನು ನಮ್ಮ ಎಷ್ಟು ಮನೆಗಳು ಕೇಳಿವೆ?

ಆದ್ದರಿಂದ ನನ್ನ ಬೇಡಿಕೆಗಳು ಸರಳ. ತಂದೆತಾಯಂದಿರೇ, ಮಗನಾಗಲಿ ಮಗಳಾಗಲಿ, ಕಸುಬು ಕಲಿಯಬಯಸಿದರೆ ಎರಡು ವರ್ಷದ ತರಬೇತಿಗೆ ಸೇರಿಸಿ. ಏಜೆಂಟನಿಗಾಗಿ ತೆಗೆದಿಟ್ಟ ಹಣದ ಒಂದು ಪಾಲು ಅದಕ್ಕೆ ಸಾಕು. ಹೋಗಬೇಕೆಂದಿರುವ ದೇಶದ ಭಾಷೆಯನ್ನು ಹೋಗುವ ಮೊದಲೇ ಕಲಿಸಿ. ಎಚ್ಚರಿಕೆಯ ಫಲಕವನ್ನು ಓದಲಾರದ ಎಲೆಕ್ಟ್ರಿಷಿಯನ್‌ನನ್ನು ಯಾವ ದೇಶವೂ ಎಲೆಕ್ಟ್ರಿಷಿಯನ್ ಎಂದು ಒಪ್ಪುವುದಿಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿಗಳೇ, ವರ್ಷಕ್ಕೆ ಒಂದು ಭಾನುವಾರ ಬಲಿಪೂಜೆಯ ನಂತರ ಸಭಾಂಗಣದಲ್ಲಿ ಐ.ಟಿ.ಐ.ಯ ಬೋಧಕರೊಬ್ಬರನ್ನೂ ಹೊರದೇಶದಲ್ಲಿ ದುಡಿದು ಬಂದ ಒಬ್ಬರನ್ನೂ ಕೂರಿಸಿ ಮಾತನಾಡಿಸಿ; ನೋಂದಾಯಿತ ಏಜೆಂಟರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ.

ಕೊನೆಯದಾಗಿ, ವರ್ಕ್‌ಶಾಪಿನ ಯಜಮಾನರೇ, ನಿಮ್ಮಲ್ಲಿ ದುಡಿಯುವವರಲ್ಲಿ ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದ ಹುಡುಗರೂ ಇರಬಹುದು. ನಮ್ಮ ಮಕ್ಕಳು ಅಲ್ಲಿ ಪರದೇಶಿಗಳಾಗಿರುವಂತೆ ಅವರು ಇಲ್ಲಿ ಪರಸ್ಥಳದವರು. ನಮ್ಮವನಿಗೆ ಅಲ್ಲಿ ಸಿಗಲೆಂದು ನಾವು ಬಯಸುವುದನ್ನು ಅವರಿಗೂ ಇಲ್ಲಿ ಕೊಡಿ: ಹೇಳಿದ ಕೂಲಿ, ಹೇಳಿದ ಕೆಲಸ, ಬರೆದ ಕರಾರು. ಈ ತಿಂಗಳು ಮುಗಿಯುವುದರೊಳಗೆ ನಿಮ್ಮ ಅಂಗಡಿಯಲ್ಲಿ ದುಡಿಯುವ ಪ್ರತಿಯೊಬ್ಬನಿಗೂ, ಅವನು ಯಾವ ಊರಿನವನೇ ಆಗಿರಲಿ, ಅಂಗಡಿಯ ಮುದ್ರೆ ಒತ್ತಿದ ಒಂದು ಅನುಭವ ಪತ್ರವನ್ನು ಬರೆದುಕೊಡಿ. ನಿಮಗೆ ಅದರಿಂದ ತಗಲುವ ಖರ್ಚು ಒಂದು ಹಾಳೆ ಮತ್ತು ಕಾಲು ಗಂಟೆ.