ಕೊನೆಯ ಹಾಳೆ ಇಲ್ಲದ ಹಸ್ತಪ್ರತಿ

1516ರಲ್ಲಿ ಬಾಸೆಲ್ ನಗರದ ಮುದ್ರಕ ಫ್ರೋಬೆನ್‌ಗೆ ಬಹಳ ಅವಸರ. ಬೈಬಲಿನ ಹೊಸ ಒಡಂಬಡಿಕೆಯನ್ನು ಮೂಲ ಗ್ರೀಕ್ ಭಾಷೆಯಲ್ಲಿ ಎಲ್ಲರಿಗಿಂತ ಮೊದಲು ಹೊರತರಬೇಕಿತ್ತು. ಸ್ಪೇನಿನಲ್ಲಿ ಇನ್ನೊಂದು 1514ರಲ್ಲೇ ಅಚ್ಚಾಗಿ ಬಿಡುಗಡೆಗೆ ಕಾದಿತ್ತು.

ಸಂಪಾದಕ, ಹೆಸರಾಂತ ಪಂಡಿತ ಎರಾಸ್ಮಸ್. ಕೊನೆಯ ಗ್ರಂಥವಾದ ‘ಪ್ರಕಟನೆ’ಗೆ ಅವನಿಗೆ ಸಿಕ್ಕಿದ್ದು ಒಂದೇ ಪ್ರತಿ. ವಿದ್ವಾಂಸ ರಾಯ್ಶ್‌ಲಿನ್‌ನಿಂದ ಎರವಲು ತಂದ, 12ನೇ ಶತಮಾನದ ಕೈಬರಹ. ಮೂಲದ ಜೊತೆ ವ್ಯಾಖ್ಯಾನವೂ ಬೆರೆತು, ಯಾವುದು ಯಾವುದೆಂದು ಬಿಡಿಸುವುದೇ ಕಷ್ಟ. ಸಾಲದ್ದಕ್ಕೆ ಕೊನೆಯ ಹಾಳೆಯೇ ಇಲ್ಲ! ಆರು ವಚನಗಳು ಮಾಯ.

ಇನ್ನೊಂದು ಪ್ರತಿ ಹುಡುಕಲು ಪುರುಸೊತ್ತೆಲ್ಲಿ? ಎರಾಸ್ಮಸ್ ಲ್ಯಾಟಿನ್ ಬೈಬಲ್ ತೆರೆದು, ಆ ಆರು ವಚನಗಳನ್ನು ತಾನೇ ಗ್ರೀಕಿಗೆ ಅನುವಾದಿಸಿ ಸೇರಿಸಿದ. ಹಾಗೆ ಮಾಡಿದ್ದನ್ನು ಟಿಪ್ಪಣಿಯಲ್ಲಿ ಒಪ್ಪಿಕೊಂಡ ಕೂಡ. ಟಿಪ್ಪಣಿ ಓದುವವರೆಷ್ಟು ಮಂದಿ!

ಲ್ಯಾಟಿನ್ನಿನಲ್ಲಿ ‘ಲಿಗ್ನೊ’ ಎಂದರೆ ಮರ, ‘ಲಿಬ್ರೊ’ ಎಂದರೆ ಪುಸ್ತಕ. ನಕಲುಗಾರರು ಇವೆರಡನ್ನು ಅದಲುಬದಲು ಮಾಡಿದ್ದರು. ಹೀಗಾಗಿ ಗ್ರೀಕ್ ಪ್ರತಿಗಳ ‘ಜೀವವೃಕ್ಷ’ ಎರಾಸ್ಮಸನ ಅಚ್ಚಿನಲ್ಲಿ ‘ಜೀವಪುಸ್ತಕ’ವಾಯಿತು. 1611ರ ಇಂಗ್ಲಿಷ್ ಬೈಬಲಿಗೂ ಅದೇ ಹೋಯಿತು. ತಮಾಷೆಯೆಂದರೆ, ತಪ್ಪು ನುಸುಳಿದ ಆ ವಚನ ಹೇಳುವುದೇ, ಈ ಗ್ರಂಥದ ಮಾತುಗಳಲ್ಲಿ ಯಾರೂ ಏನನ್ನೂ ತೆಗೆಯಬಾರದು ಎಂದು.

ಕಣ್ಮರೆಯಾಗಿದ್ದ ಆ ಹಸ್ತಪ್ರತಿಯನ್ನು 1861ರಲ್ಲಿ ಬವೇರಿಯಾದ ರಾಜಮನೆತನವೊಂದರ ಪುಸ್ತಕ ಭಂಡಾರದಲ್ಲಿ ಡೆಲಿಟ್ಶ್ ಎಂಬ ವಿದ್ವಾಂಸ ಪತ್ತೆಹಚ್ಚಿದ. ಅಚ್ಚಿನೊಡನೆ ಹೋಲಿಸಿ, ಎರಾಸ್ಮಸನ ಕೈ ಎಲ್ಲೆಲ್ಲಿ ಆಡಿದೆಯೆಂದು ತೋರಿಸಿದ. ಅದೀಗ ಜರ್ಮನಿಯ ಆಗ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.